ಅನ್ನ ಸೇರದ ಬಾಯಿ

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋದವರು ಜ್ವರ ಬಿಟ್ಟಿತೇ, ನೋವು ಕಡಿಮೆಯಾಯಿತೇ ಎಂದು ಮೊದಲು ಕೇಳುವುದಿಲ್ಲ. "ಊಟ ಹೋಗತೈತೇನ್ರಿ?" ಎಂದು ಕೇಳುತ್ತಾರೆ. ಅದಕ್ಕೆ ಬರುವ ಉತ್ತರಗಳೂ ಹಲವು. "ಬಾಯಿ ಕೆಟ್ಟೈತಿ", "ಅನ್ನ ಸೇರವಲ್ದು", "ತುತ್ತು ಇಳೀವಲ್ದು", "ಹಸಿವಿ ಸತ್ತೈತಿ". ಕೊನೆಯ ಮಾತನ್ನು ಒಮ್ಮೆ ನಿಂತು ಯೋಚಿಸಿ ನೋಡಿ. ಮನುಷ್ಯ ಇನ್ನೂ ಬದುಕಿದ್ದಾನೆ, ಅವನ ಹಸಿವು ಮಾತ್ರ ಅವನಿಗಿಂತ ಮುಂಚೆ ಸತ್ತುಹೋಗಿದೆ. ದೀರ್ಘ ಕಾಯಿಲೆಯ ಮನೆಯಲ್ಲಿ ಅಡಿಗೆ ಮಾಡಿದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಈ ಸಾವಿನ ಪರಿಚಯವಿರುತ್ತದೆ.

ನನ್ನ ತವರು ಬೆಲ್ಲದ ಬಾಗೇವಾಡಿ, ಹುಕ್ಕೇರಿ ತಾಲೂಕಿನದು. ಬಸವನ ಬಾಗೇವಾಡಿ ಬೇರೆ, ಹಿರೇಬಾಗೇವಾಡಿ ಬೇರೆ. ನಮ್ಮದು ಹೆಸರಿನಲ್ಲಿಯೇ ಬೆಲ್ಲ ಇಟ್ಟುಕೊಂಡ ಊರು. ಸುತ್ತಲೆಲ್ಲ ಕಬ್ಬು. ಒಂದು ಕಡೆ ಗೋಕಾಕದ ಕರದಂಟು, ಇನ್ನೊಂದು ಕಡೆ ಸಂಕೇಶ್ವರದ ಮೆಣಸಿನಕಾಯಿ. ಬಾಣಂತಿಗೆ ಅಂಟಿನುಂಡಿ, ಅಳಿಯನಿಗೆ ಹೋಳಿಗೆ, ಜಾತ್ರೆಗೆ ಮಾದಲಿ ಎಂದು ಪ್ರೀತಿಯನ್ನೆಲ್ಲ ಊಟದಲ್ಲೇ ತೋರಿಸುವ ಸೀಮೆ ಇದು. ಇಂಥಲ್ಲಿ ಒಬ್ಬರು ಉಣ್ಣಲಾರದೆ ತಟ್ಟೆ ಸರಿಸಿದರೆ ಕಾಯಿಲೆಗಿಂತ ಮೊದಲು ಅಡಿಗೆಮನೆಯ ಮೇಲೆಯೇ ಎಲ್ಲರ ಕಣ್ಣು ಬೀಳುತ್ತದೆ.

ನಮ್ಮ ಅವ್ವನಿಗೆ ಕಿಡ್ನಿಯ ತೊಂದರೆ ಬಂದು ಎರಡು ವರ್ಷ ಮನೆಯಲ್ಲಿಯೇ ಇದ್ದಳು. ಮೊದಲು ರೊಟ್ಟಿ ಬೇಡವಾಯಿತು, ಆಮೇಲೆ ಅನ್ನ, ಕೊನೆಗೆ ನುಚ್ಚಿನ ಗಂಜಿಯೂ. ಬಾಯಲ್ಲಿ ತುಕ್ಕಿನ ರುಚಿ ಬರುತ್ತದೆ ಎನ್ನುತ್ತಿದ್ದಳು. ಉಪ್ಪು ಕಡಿಮೆ, ಬೇಳೆ ಕಡಿಮೆ ಎಂದು ಡಾಕ್ಟರರ ಕಟ್ಟಳೆ ಬೇರೆ. ನಮ್ಮ ವೈನಿ ದಿನಕ್ಕೆ ನಾಲ್ಕು ಸಲ ಒಲೆ ಹಚ್ಚುತ್ತಿದ್ದಳು, ನಾಲ್ಕೂ ಸಲ ಬಟ್ಟಲು ಹಾಗೆಯೇ ತಿರುಗಿ ಬರುತ್ತಿತ್ತು. ನೋಡಲು ಬಂದ ಬಳಗದವರು ಅವ್ವನ ಎಲುಬು ಬಿಟ್ಟ ಕೈ ಹಿಡಿದು, "ಸೊಸಿ ಏನ್ ಹಾಕ್ತಾಳೋ ಏನೋ" ಎಂದು ಹೊಸ್ತಿಲಲ್ಲೇ ಪಿಸುಗುಡುತ್ತಿದ್ದರು. ವೈನಿ ಕೇಳಿಸಿಕೊಂಡೂ ಕೇಳದವಳ ಹಾಗೆ ಚಹಾಕ್ಕೆ ಇಡುತ್ತಿದ್ದಳು.

ಆ ದಿನಗಳಲ್ಲೇ ದೂರದ ಸಂಬಂಧಿಕರೊಬ್ಬರು ಬಂದು ದನಿ ತಗ್ಗಿಸಿ ಹೇಳಿದರು: "ಒಂದ್ ಚಿಟಿಕಿ ಭಂಗಿ ತುಪ್ಪದಾಗ ಹುರದು ಕೊಡ್ರಿ. ಹಿಂದಿನವರು ಕೊಡತಿದ್ರು. ಹಸಿವಿ ಹೆಂಗ್ ಆಗೂದಿಲ್ಲ ನೋಡೋಣ." ವೈನಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಭಂಗಿ ಎಂದರೆ ನಮಗೆ ಹೋಳಿ ಹುಣ್ಣಿವೆಯ ಹುಡುಗರ ಹುಚ್ಚಾಟ ಗೊತ್ತು. ಕಬ್ಬಿನ ಸಾಲಿನ ನಡುವೆ ಗಾಂಜಾ ಬೆಳೆದವರನ್ನು ಪೊಲೀಸರು ಹಿಡಿದ ಸುದ್ದಿ ಗೊತ್ತು. ಅದು ಔಷಧವೆ? ನಾವು ಕೊಡಲಿಲ್ಲ. ಆದರೆ "ಹಿಂದಿನವರು ಕೊಡತಿದ್ರು" ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಹಿಂದಿನವರು ನಿಜವಾಗಿ ಏನು ಕೊಡುತ್ತಿದ್ದರು, ಯಾರಿಗೆ, ಯಾಕೆ ಎಂದು ಓದುತ್ತ ಹೋದೆ. ಈ ಬರಹ ಆ ಓದಿನಿಂದ ಬಂದದ್ದು.

ಸಂಬಂಧಿಕರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಶಾರ್ಙ್ಗಧರ ಸಂಹಿತೆ ಎಂಬ ವೈದ್ಯಗ್ರಂಥ ಸುಮಾರು ಏಳುನೂರು ವರ್ಷ ಹಿಂದಿನದು. ಅದರಲ್ಲಿ ಜಾತೀಫಲಾದಿ ಚೂರ್ಣ ಎಂಬ ಒಂದು ಪುಡಿ ಬರುತ್ತದೆ. ಜಾಯಿಕಾಯಿ, ಲವಂಗ, ಏಲಕ್ಕಿ, ದಾಲ್ಚಿನ್ನಿ, ಶುಂಠಿ, ಮೆಣಸು, ಹಿಪ್ಪಲಿ, ನೆಲ್ಲಿಕಾಯಿ, ಕರ್ಪೂರ ಹೀಗೆ ಇಪ್ಪತ್ತರಷ್ಟು ಸಾಮಾನುಗಳನ್ನು ಸಮಪಾಲು ಹಾಕಬೇಕು; ಅವೆಲ್ಲ ಕೂಡಿ ಎಷ್ಟಾಗುತ್ತವೋ ಅಷ್ಟೇ ತೂಕದ ಭಂಗಿ; ಆಮೇಲೆ ಎಲ್ಲದರ ತೂಕದಷ್ಟು ಸಕ್ಕರೆ. ಜೇನಿನಲ್ಲಿ ಕಲಸಿ ಕೊಡುವುದು. ಯಾವ ರೋಗಕ್ಕೆ ಎಂಬ ಪಟ್ಟಿಯಲ್ಲಿ ನಾಲ್ಕಾರು ಹೆಸರುಗಳಿವೆ. ಬಹಳ ದಿನದ ಭೇದಿಯಾದ ಗ್ರಹಣಿ, ಕೆಮ್ಮು, ಉಬ್ಬಸ, ಅವುಗಳ ಜೊತೆ ಅರುಚಿ ಮತ್ತು ಕ್ಷಯ. ಅರುಚಿ ಎಂದರೆ ಬಾಯಿ ಕೆಡುವುದು. ಕ್ಷಯ ಎಂದರೆ ಮೈ ಸವೆಯುವುದು. ಈ ಎರಡನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ನನಗೆ ಬಹಳ ದೊಡ್ಡ ಮಾತೆನಿಸಿತು. ರುಚಿ ಹೋಗುವುದನ್ನು ಆ ವೈದ್ಯರು ರೋಗಿಯ ಹಟ ಎನ್ನಲಿಲ್ಲ. ಅಡಿಗೆಯವಳ ಕೈಗುಣ ಸರಿಯಿಲ್ಲ ಎಂದೂ ಹೇಳಲಿಲ್ಲ. ಅದಕ್ಕೊಂದು ಹೆಸರಿಟ್ಟು ರೋಗಗಳ ಸಾಲಿನಲ್ಲಿ ಕೂಡಿಸಿದರು.

ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ಭಂಗಿಯ ಗುಣಗಳನ್ನು ಹೇಳುವಾಗ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೇ ಇಟ್ಟಿದ್ದಾನೆ. ಅದು ಪಚನ ಮಾಡಿಸುತ್ತದೆ, ಭೇದಿ ಕಟ್ಟುತ್ತದೆ, ಹೊಟ್ಟೆಯ ಬೆಂಕಿ ಹೆಚ್ಚಿಸುತ್ತದೆ. ಹಾಗೆಯೇ ಮದವನ್ನೂ ಮೋಹವನ್ನೂ ಬಾಯಿಬಡುಕತನವನ್ನೂ ಹೆಚ್ಚಿಸುತ್ತದೆ. ಒಂದೇ ಎಲೆ ಹಸಿವನ್ನೂ ಅಮಲನ್ನೂ ತರುತ್ತದೆಂದು ಅವನಿಗೆ ಗೊತ್ತಿತ್ತು.

ಎಲೆಯನ್ನು ಹಾಗೇ ಹಾಕುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೆ ಶೋಧನೆ ಎನ್ನುತ್ತಾರೆ. ನೀರು ತಿಳಿಯಾಗಿ ಬರುವವರೆಗೆ ಎಲೆಯನ್ನು ತೊಳೆದು, ಒಣಗಿಸಿ, ತುಪ್ಪದಲ್ಲಿ ಹುರಿಯುವುದು ಒಂದು ವಿಧಾನ. ಒಗ್ಗರಣೆ ಹಾಕುವ ನಮಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಇಂಗು ನೀರಿನಲ್ಲಿ ಬಿಡದ ವಾಸನೆಯನ್ನು ಎಣ್ಣೆಯಲ್ಲಿ ಬಿಡುತ್ತದಲ್ಲ, ಹಾಗೆ. ಭಂಗಿಯಲ್ಲಿ ಕೆಲಸ ಮಾಡುವ ವಸ್ತು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬಿಸಿ ತಾಗಿದ ಮೇಲೆಯೇ ಪೂರ್ತಿ ಜೋರು ಬರುತ್ತದೆ. ಇದನ್ನು ಈಗಿನ ರಸಾಯನಶಾಸ್ತ್ರ ವಿವರಿಸುತ್ತದೆ. ಹಾಗಾಗಿ ತುಪ್ಪದಲ್ಲಿ ಹುರಿದರೆ ಸೌಮ್ಯವಾಗುತ್ತದೆ ಎಂದು ತಿಳಿಯುವುದು ಅಪಾಯದ ಮಾತು. ಅಳತೆ ತಿಳಿದವರ ಕೈಯಲ್ಲಿ ಮಾತ್ರ ಅದು ಔಷಧ.

ನಮ್ಮ ಆಯಿ ಒಂದು ಕತೆ ಹೇಳುತ್ತಿದ್ದಳು. ನಮ್ಮ ಮುತ್ಯಾಗೆ ಕೆಮ್ಮು ಹಿಡಿದು ಮೈ ಕರಗಿದಾಗ ಒಬ್ಬ ವೈದ್ಯರು ಪುಡಿಯ ಡಬ್ಬಿ ಕೊಟ್ಟು, "ಇದು ಹುಡುಗರ ಕೈಗೆ ಸಿಗಬಾರದು, ನೀನೇ ಅಳದು ಕೊಡಬೇಕು, ಅವರು ಬೇಡಿದರೂ ಎರಡನೇ ಸಲ ಇಲ್ಲ" ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದರಂತೆ. ಡಬ್ಬಿಯಲ್ಲಿ ಇನ್ನೇನೇನಿತ್ತೋ, ಭಂಗಿ ಇತ್ತೆಂಬುದು ಅವಳಿಗೆ ಗೊತ್ತಿತ್ತು. ಆಮೇಲೆ ಕೆಲವು ದಿನ ಮುತ್ಯಾ ಕರೆದು ಕರೆದು ಉಂಡರಂತೆ. "ನಿದ್ದಿ ಬಂತು, ಹಸಿವಿ ಬಂತು, ಆದ್ರ ಕೆಮ್ಮು ಹೋಗಲಿಲ್ಲವಾ" ಎಂದು ಆಯಿ ಮಾತು ಮುಗಿಸುತ್ತಿದ್ದಳು. ಕ್ಷಯವನ್ನು ನಿಜವಾಗಿ ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲಿ ಅಮೆರಿಕೆಯಲ್ಲಿ ಸಿದ್ಧವಾಯಿತು. ನಮ್ಮ ಹಳ್ಳಿಗಳಿಗೆ ಅದು ಬಂದು ಮುಟ್ಟುವ ಹೊತ್ತಿಗೆ ಮುತ್ಯಾ ಇರಲಿಲ್ಲ. ಹಸಿವು ಮರಳಿ ಬರುವುದೂ ರೋಗ ವಾಸಿಯಾಗುವುದೂ ಬೇರೆ ಬೇರೆ ಎಂಬುದನ್ನು ನಾನು ಆಯಿಯ ಈ ಮಾತಿನಿಂದಲೇ ಕಲಿತೆ.

ಹೊರಗಿನವರಿಗೂ ಈ ಎಲೆಯ ಹಸಿವಿನ ಗುಣ ಬೇಗ ಕಂಡಿತ್ತು. ಬೆಳಗಾವಿಯಿಂದ ಘಟ್ಟ ಇಳಿದರೆ ಗೋವೆ. ಅಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನಿದ್ದ. ಅಹಮದನಗರದ ನಿಜಾಮಶಾಹಿ ಸುಲ್ತಾನನಿಗೂ ಅವನು ವೈದ್ಯ ಮಾಡಿದ್ದ. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಅವನ ಪುಸ್ತಕ ಈ ನಾಡಿನ ಔಷಧಿ ಸಾಮಾನುಗಳ ಬಗ್ಗೆ ಇದೆ. ಅದರಲ್ಲಿ ಭಂಗಿಯ ವಿಷಯವೂ ಬರುತ್ತದೆ. ಅವನ ಮನೆಯ ಆಳುಗಳು ಅವನಿಗೆ ತಿಳಿಯದಂತೆ ಭಂಗಿ ತಿಂದಿದ್ದರು. ಅದರಿಂದ ದುಡಿಮೆಯ ದಣಿವು ತಿಳಿಯುವುದಿಲ್ಲ, ಮನಸ್ಸಿಗೆ ಖುಷಿಯಾಗುತ್ತದೆ, ತಿನ್ನಬೇಕು ಎನಿಸುತ್ತದೆ ಎಂದು ಅವರು ಹೇಳಿದ್ದನ್ನು ಅವನು ಬರೆದಿಟ್ಟಿದ್ದಾನೆ. ಹುಕ್ಕೇರಿಯಲ್ಲಿ ಈಗಲೂ ನಿಂತಿರುವ ಗುಮ್ಮಟಗಳನ್ನು ಕಟ್ಟಿಸಿದ ಆದಿಲಶಾಹಿ ಕಾಲದ ಮಾತು ಇದು.

ಅಲ್ಲಿಂದ ಮುಂದೆ 1839ಕ್ಕೆ ಬನ್ನಿ. ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಓ'ಶಾಗ್ನೆಸ್ಸಿ ಎಂಬ ಐರಿಷ್ ವೈದ್ಯ ಇದ್ದ. ಇಲ್ಲಿಯ ವೈದ್ಯರು, ಹಕೀಮರು ಬಳಸುವುದನ್ನು ಕೇಳಿ ತಿಳಿದು, ಮೊದಲು ಪ್ರಾಣಿಗಳಿಗೆ, ಆಮೇಲೆ ರೋಗಿಗಳಿಗೆ ಗಾಂಜಾದ ರಾಳ ಕೊಟ್ಟು ನೋಡಿದ. ಕೀಲುವಾಯುವಿನ ಒಬ್ಬ ರೋಗಿಗೆ ಮಧ್ಯಾಹ್ನ ಎರಡಕ್ಕೆ ಒಂದು ಗ್ರೇನ್ ಕೊಟ್ಟ. ನಾಲ್ಕರ ಹೊತ್ತಿಗೆ ಆ ಮನುಷ್ಯ ಹಾಡುತ್ತ, ಎಡೆಬಿಡದೆ ಮಾತಾಡುತ್ತ, ಹೆಚ್ಚಿಗೆ ಊಟ ಕೊಡಿ ಎಂದು ಕೂಗುತ್ತಿದ್ದ. ರಾತ್ರಿ ಎಂಟಕ್ಕೆ ನೋಡಿದರೆ ಎಚ್ಚರವಿಲ್ಲ. ಕೈ ಎತ್ತಿ ಬಿಟ್ಟರೆ ಎತ್ತಿದಂತೆಯೇ ನಿಲ್ಲುತ್ತಿತ್ತು. ವೈದ್ಯ ಹೆದರಿದ. ರೋಗಿ ಆಮೇಲೆ ಚೇತರಿಸಿಕೊಂಡ. ಈ ಆರು ತಾಸಿನ ಕತೆಯಲ್ಲಿ ಭಾವಮಿಶ್ರ ಹೇಳಿದ ಒಳ್ಳೆಯ ಗುಣ, ಕೆಟ್ಟ ಗುಣ ಎರಡೂ ಇವೆ. ಓ'ಶಾಗ್ನೆಸ್ಸಿಯ ಬರಹದಿಂದ ಈ ಔಷಧ ಯುರೋಪು, ಅಮೆರಿಕಗಳಿಗೆ ಹೋಯಿತು. ಅಮೆರಿಕದ ಅಧಿಕೃತ ಔಷಧಿ ಪಟ್ಟಿಯಲ್ಲಿ 1850ರಿಂದ 1942ರವರೆಗೆ ಅದಕ್ಕೆ ಜಾಗವಿತ್ತು.

ಇತ್ತ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 1893ರಲ್ಲಿ ಒಂದು ಪ್ರಶ್ನೆ ಎದ್ದಿತು. ಹಿಂದುಸ್ತಾನದ ಜನ ಗಾಂಜಾದಿಂದ ಹಾಳಾಗುತ್ತಿದ್ದಾರೆಯೇ ಎಂದು. ಅದನ್ನು ನೋಡಲು ಸರಕಾರ ಏಳು ಜನರ ಆಯೋಗವೊಂದನ್ನು ನೇಮಿಸಿತು. ಮೂವರು ನಮ್ಮ ದೇಶದವರೇ ಇದ್ದರು. ಆಯೋಗ ಪ್ರಾಂತಪ್ರಾಂತ ಸುತ್ತಿ 1193 ಜನರ ಸಾಕ್ಷಿ ಪಡೆದು 1894ರಲ್ಲಿ ವರದಿ ಒಪ್ಪಿಸಿತು. ಬೆಳಗಾವಿ ಆಗ ಮುಂಬಯಿ ಇಲಾಖೆಯಲ್ಲಿತ್ತು. ಸಾಕ್ಷಿಗಳಿಗೆ ಕೇಳಿದ ಪ್ರಶ್ನೆಗಳ ಉದ್ದನೆಯ ಪಟ್ಟಿಯಲ್ಲಿ, ಮಿತವಾಗಿ ತೆಗೆದುಕೊಂಡಾಗ ಇದು ಹಸಿವನ್ನು ಅಡಗಿಸುತ್ತದೆಯೇ ಅಥವಾ ಹುಟ್ಟಿಸುತ್ತದೆಯೇ ಎಂಬುದೂ ಇತ್ತು. ಅಷ್ಟು ದೊಡ್ಡ ಸರಕಾರಕ್ಕೂ ಕೊನೆಗೆ "ಊಟ ಹೋಗತೈತೇನ್ರಿ?" ಎಂದು ಕೇಳಬೇಕಾಯಿತು! ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹದ್ದಿನಲ್ಲಿಡಬೇಕು ಎಂಬುದು ಆಯೋಗದ ತೀರ್ಮಾನ.

ಸ್ವಾತಂತ್ರ್ಯ ಬಂದ ಮೇಲೆ ಗಾಳಿ ಬದಲಾಯಿತು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಸಾರಾಯಿಯ ಜೊತೆ ಭಂಗಿ, ಗಾಂಜಾಗಳನ್ನೂ ಹಿಡಿತಕ್ಕೆ ತಂದಿತು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು. 1961ರಲ್ಲಿ ಮಾದಕ ವಸ್ತುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದ ಆಯಿತು. ಅದರಲ್ಲಿ ಗಾಂಜಾ ಎಂದರೆ ಹೂವಿನ ತೆನೆ ಮತ್ತು ರಾಳ ಎಂದಾಯಿತೇ ಹೊರತು ಬರೀ ಎಲೆಯನ್ನು ಸೇರಿಸಲಿಲ್ಲ. ಕೊನೆಗೆ 1985ರಲ್ಲಿ ನಮ್ಮ ಸಂಸತ್ತು ಮಾದಕ ವಸ್ತುಗಳ ಕಾಯ್ದೆ ಮಾಡಿತು. ಎನ್‌ಡಿಪಿಎಸ್ ಎಂದು ಪತ್ರಿಕೆಗಳಲ್ಲಿ ನೀವು ಓದುವುದು ಅದನ್ನೇ. ಗಾಂಜಾ, ಚರಸ್ ಅಪರಾಧವಾದವು. ತೆನೆ ಇಲ್ಲದ ಎಲೆ ಆ ಕಾಯ್ದೆಯ ಗಾಂಜಾ ಎಂಬ ಮಾತಿನೊಳಗೆ ಬರಲಿಲ್ಲ.

1985 ಎಂಬ ವರ್ಷವನ್ನು ನೆನಪಿಡಿ. ನಾವು ಬಾಗಿಲು ಮುಚ್ಚಿದ ಆ ವರ್ಷವೇ ಅಮೆರಿಕದ ಔಷಧಿ ಇಲಾಖೆ ಡ್ರೊನಾಬಿನಾಲ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಗಾಂಜಾದಲ್ಲಿರುವ ಮುಖ್ಯ ವಸ್ತು ಟಿಎಚ್‌ಸಿ. ಅದನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಮ್ ಮತ್ತು ಅವರ ಜೊತೆಗಾರರು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ಕಂಡುಹಿಡಿದಿದ್ದರು. ಅದನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿ ಮಾಡಿದ ಮಾತ್ರೆ ಇದು. ಮೊದಲು ಕ್ಯಾನ್ಸರಿನ ಔಷಧಗಳಿಂದ ಬರುವ ವಾಂತಿಗೆ, 1992ರಿಂದ ಏಡ್ಸ್ ರೋಗಿಗಳಲ್ಲಿ ಹಸಿವು ಹೋಗಿ ಮೈ ಇಳಿಯುವುದಕ್ಕೆ ಅದನ್ನು ಕೊಡಲು ಅನುಮತಿ ಸಿಕ್ಕಿತು.

ಈ ಅನುಮತಿಯ ಹಿಂದೆ ವಿಜ್ಞಾನಿಗಳು ಮಾತ್ರ ಇದ್ದರೆಂದು ತಿಳಿಯಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣದಲ್ಲಿ ಮೇರಿ ರಾಥ್‌ಬನ್ ಎಂಬ ಮುದುಕಿ ಇದ್ದಳು. ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ ಬದುಕಿದವಳು. ಒಬ್ಬಳೇ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡಿದ್ದಳು. 1980ರ ದಶಕದಲ್ಲಿ ಆ ಊರಿನ ಹುಡುಗರು ಏಡ್ಸ್‌ನಿಂದ ಸಾಯತೊಡಗಿದಾಗ ಸರಕಾರಿ ಆಸ್ಪತ್ರೆಯಲ್ಲಿ ಅವರ ಸೇವೆಗೆ ನಿಂತಳು. ಗಾಂಜಾ ಹಾಕಿದ ಬ್ರೌನಿ ಎಂಬ ಕೇಕು ಸುಟ್ಟು ಅವರಿಗೆ ಹಂಚುತ್ತಿದ್ದಳು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದವರು ಅದನ್ನು ತಿಂದ ಮೇಲೆ ಊಟ ಕೇಳುತ್ತಿದ್ದರು. ಅವಳನ್ನು ಪೊಲೀಸರು ಮೂರು ಸಲ ಹಿಡಿದರು, ಕೊನೆಯ ಸಲ 1992ರಲ್ಲಿ. ಅದೇ ವರ್ಷ ಊರಿನವರು ಅವಳ ಹೆಸರಿನಲ್ಲಿ ಒಂದು ದಿನ ಆಚರಿಸಿದರು! 1996ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ, ವೈದ್ಯರ ಸಲಹೆಯಿದ್ದರೆ ರೋಗಿಗಳು ಗಾಂಜಾ ಬಳಸಬಹುದೆಂಬ ಕಾನೂನು ತಂದರು. 1999ರಲ್ಲಿ ಮೇರಿ ತೀರಿಕೊಂಡಳು. ಆಣೆ ಮಾಡಿ ಡಬ್ಬಿ ಕಾಯ್ದ ನಮ್ಮ ಆಯಿಗೂ ಅವಳಿಗೂ ಯಾವ ನಂಟೂ ಇಲ್ಲ. ಆದರೂ ಇಬ್ಬರಿಗೂ ಬೇಕಾದದ್ದು ಎದುರಿಗಿದ್ದವರು ಎರಡು ತುತ್ತು ಹೆಚ್ಚಿಗೆ ತಿನ್ನಲಿ ಎಂಬುದೇ.

ಈ ಎಲೆ ಹಸಿವನ್ನು ಹೇಗೆ ಎಬ್ಬಿಸುತ್ತದೆ? 1990ರ ಸುಮಾರಿಗೆ ವಿಜ್ಞಾನಿಗಳು ಮಿದುಳಿನಲ್ಲಿ ಒಂದು ಬಗೆಯ ಬೀಗಗಳಿವೆ ಎಂದು ಕಂಡುಕೊಂಡರು. ಟಿಎಚ್‌ಸಿ ಕೀಲಿಯಂತೆ ಹೋಗಿ ಆ ಬೀಗಕ್ಕೆ ಕೂಡುತ್ತದೆ. ಹಾಗಾದರೆ ದೇವರು ಗಾಂಜಾ ತಿನ್ನಲೆಂದು ಬೀಗ ಇಟ್ಟನೇ? ಇಲ್ಲ, ನಮ್ಮ ಮೈಯೇ ತನ್ನ ಕೀಲಿ ಮಾಡಿಕೊಳ್ಳುತ್ತದೆ. 1992ರಲ್ಲಿ ಮೆಶೂಲಮ್ಮರ ತಂಡ ಅಂಥದೊಂದನ್ನು ಕಂಡುಹಿಡಿದು, ನಮ್ಮ ಆನಂದ ಎಂಬ ಶಬ್ದವನ್ನೇ ತೆಗೆದುಕೊಂಡು ಆನಂದಮೈಡ್ ಎಂದು ಹೆಸರಿಟ್ಟಿತು. ಇಂಥ ಕೀಲಿಗಳು ತಾಯಿಯ ಹಾಲಿನಲ್ಲೂ ಇವೆ. ಆಗ ತಾನೆ ಹುಟ್ಟಿದ ಇಲಿಮರಿಗಳಲ್ಲಿ ಈ ಬೀಗವನ್ನು ಔಷಧ ಕೊಟ್ಟು ಮುಚ್ಚಿದಾಗ ಅವು ಮೊಲೆ ಚೀಪಲಿಲ್ಲ, ಹಸಿದೇ ಸತ್ತವು ಎಂದು 2001ರಲ್ಲಿ ಪ್ರಕಟವಾಯಿತು. ಹಸಿವು ಹೊಟ್ಟೆಯ ಮಾತಷ್ಟೇ ಅಲ್ಲವೆಂದು ಇದರಿಂದ ತಿಳಿಯಿತು.

ಇದರ ಇನ್ನೊಂದು ಮುಖವೂ ಇದೆ. ಈ ಬೀಗ ಮುಚ್ಚಿದರೆ ಜನ ತೆಳ್ಳಗಾಗಬಹುದಲ್ಲ ಎಂದು ರಿಮೋನಬಾಂಟ್ ಎಂಬ ಮಾತ್ರೆ ಮಾಡಿ 2006ರಲ್ಲಿ ಯುರೋಪಿನಲ್ಲಿ ಮಾರಿದರು. ಮೈಯೇನೋ ಇಳಿಯಿತು. ಆದರೆ ತಿಂದವರಲ್ಲಿ ಹಲವರಿಗೆ ಮನಸ್ಸು ಕುಗ್ಗಿತು, ಸಾಯುವ ಯೋಚನೆ ಬಂತು. 2008ರಲ್ಲಿ ಮಾತ್ರೆಯನ್ನು ಮಾರುಕಟ್ಟೆಯಿಂದ ತೆಗೆದರು. ಊಟದ ಆಸೆಗೂ ಬದುಕಿನ ಆಸೆಗೂ ಎಷ್ಟು ಹತ್ತಿರದ ನಂಟು ನೋಡಿ. ಉಣ್ಣಲಾರದ ಅವ್ವ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದದ್ದು ನನಗೆ ಆಗ ಅರ್ಥವಾಯಿತು.

ಇಷ್ಟು ಓದಿದವರು, ಹಾಗಾದರೆ ಸಂಬಂಧಿಕರ ಮಾತೇ ಸರಿ, ಒಂದು ಚಿಟಿಕೆ ಕೊಡಬಹುದಿತ್ತು ಎನ್ನಬಹುದು. ಅವಸರ ಬೇಡ. ಏಡ್ಸ್ ರೋಗಿಗಳ ಮೇಲೆ ನಡೆದ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. 139 ಜನರು ಸೇರಿದ್ದ ಆ ಪರೀಕ್ಷೆಯಲ್ಲಿ ಮಾತ್ರೆ ತೆಗೆದುಕೊಂಡವರಿಗೆ ಹಸಿವು ನೂರಕ್ಕೆ 38ರಷ್ಟು ಹೆಚ್ಚಿತು, ಬರೀ ಹುಸಿಮಾತ್ರೆ ತೆಗೆದುಕೊಂಡವರಿಗೆ 8ರಷ್ಟು. ಆದರೆ ತೂಕ ಹೆಚ್ಚಲಿಲ್ಲ, ಇಳಿಯುವುದು ನಿಂತಿತು ಅಷ್ಟೇ. 2002ರಲ್ಲಿ 469 ಜನ ಕ್ಯಾನ್ಸರ್ ರೋಗಿಗಳಲ್ಲಿ ಅದನ್ನು ಬೇರೊಂದು ಹಾರ್ಮೋನು ಔಷಧದ ಜೊತೆ ಹೋಲಿಸಿದರು. ಹಾರ್ಮೋನಿನಿಂದ ನೂರಕ್ಕೆ 75 ಜನರಿಗೆ ಹಸಿವು ಸುಧಾರಿಸಿತು, ಗಾಂಜಾದ ಮಾತ್ರೆಯಿಂದ 49 ಜನರಿಗೆ. 2006ರ ಇನ್ನೊಂದು ಪರೀಕ್ಷೆಯಲ್ಲಿ 243 ಜನ ಕ್ಯಾನ್ಸರ್ ರೋಗಿಗಳಿದ್ದರು; ಗಾಂಜಾದ ಸಾರ ತೆಗೆದುಕೊಂಡವರಿಗೂ ಹುಸಿಮಾತ್ರೆಯವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹುಸಿಮಾತ್ರೆ ತೆಗೆದುಕೊಂಡವರಲ್ಲೂ ಮೂರರಲ್ಲಿ ಎರಡು ಪಾಲು ಜನ ಹಸಿವು ಹೆಚ್ಚಿತು ಎಂದರು. ದಿನವೂ ಯಾರೋ ಬಂದು, ಊಟ ಹೇಗಿದೆ ಎಂದು ಕೇಳಿ ಬರೆದುಕೊಂಡು ಹೋಗುವುದರಲ್ಲಿಯೂ ಸ್ವಲ್ಪ ಔಷಧ ಇದ್ದಿರಬೇಕು ಎಂದು ನನಗೆ ಅನಿಸಿತು.

ಕೇಡುಗಳೂ ಇವೆ. ವಯಸ್ಸಾದವರಿಗೆ ತಲೆ ತಿರುಗುತ್ತದೆ, ರಕ್ತದೊತ್ತಡ ಇಳಿದು ಬೀಳುತ್ತಾರೆ, ಎದೆ ಹೊಡೆದುಕೊಳ್ಳುತ್ತದೆ, ಭ್ರಮೆ ಬರುತ್ತದೆ. ಬೇರೆ ಮಾತ್ರೆಗಳ ಜೊತೆ ಜಗಳವಾಡುತ್ತದೆ. ಬಸುರಿ, ಬಾಣಂತಿಯರು ಅದರ ಹತ್ತಿರವೂ ಹೋಗಬಾರದು. ಹಲವು ವರ್ಷ ವಿಪರೀತ ಸೇದಿದವರಲ್ಲಿ ಕೆಲವರಿಗೆ ಅದರಿಂದಲೇ ನಿಲ್ಲದ ವಾಂತಿ ಬರುತ್ತದೆ ಎಂದು 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಗುರುತಿಸಿದರು.

ಎಲ್ಲಕ್ಕಿಂತ ಮುಖ್ಯವಾದ ಪಾಠ ನಮ್ಮ ಜಿಲ್ಲೆಯಲ್ಲೇ ಇದೆ. 2000ದ ದಶಕದಲ್ಲಿ ಬೆಳಗಾವಿ, ಬಾಗಲಕೋಟೆಗಳು ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ಕಡ್ಡಿಯಂತಾದ ಹೆಣ್ಣುಮಕ್ಕಳನ್ನು ಆಗ ನಮ್ಮ ಓಣಿಗಳೂ ನೋಡಿವೆ. ಅವರಿಗೆ ಬೇಕಾದ ಏಆರ್‌ಟಿ ಮಾತ್ರೆಗಳನ್ನು ಸರಕಾರ 2004ರ ಏಪ್ರಿಲ್‌ನಿಂದ ಕೆಲವು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡತೊಡಗಿತು. ಆಮೇಲೆ ಅದು ಜಿಲ್ಲೆಜಿಲ್ಲೆಗೂ ಬಂತು. ಮಾತ್ರೆ ಸಿಕ್ಕವರ ರೋಗ ಹತೋಟಿಗೆ ಬಂದು, ಹಸಿವು ತಾನಾಗಿ ಮರಳಿತು, ಮೈ ತುಂಬಿತು. ಮುತ್ಯಾನ ಕೆಮ್ಮಿನ ಕತೆಯೂ ಇದನ್ನೇ ಹೇಳುತ್ತದೆ. ಹಸಿವಿನ ಔಷಧ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಬಹುದು, ದಾರಿ ಮುಗಿಸಬೇಕಾದದ್ದು ರೋಗದ ಔಷಧ.

ಅವ್ವನ ವಿಷಯದಲ್ಲಿ ನಾವು ಭಂಗಿಯ ಮಾತನ್ನೂ ಮುಚ್ಚಿಡದೆ ಡಾಕ್ಟರರ ಮುಂದೆ ಇಟ್ಟೆವು. ಅವರು ನಗಲಿಲ್ಲ, ಬೈಯಲೂ ಇಲ್ಲ. ಅವ್ವ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಜೊತೆ ಅದು ಬೇಡ ಎಂದರು. ಕಿಡ್ನಿ ಸೋತಾಗ ರಕ್ತದಲ್ಲಿ ಕಸ ಉಳಿದು ಬಾಯಿ ಕೆಡುತ್ತದೆ, ರಕ್ತ ಕಡಿಮೆಯಾದರೂ ಹಸಿವು ಹೋಗುತ್ತದೆ ಎಂದು ವಿವರಿಸಿದರು. ಒಂದು ಮಾತ್ರೆ ಬದಲಿಸಿದರು, ರಕ್ತ ಹೆಚ್ಚಲು ಇಂಜೆಕ್ಷನ್ ಬರೆದರು. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಿ, ಬಿಸಿಯದು ಬೇಡವೆಂದರೆ ತಣ್ಣಗಾದ ಮೇಲೆ ಕೊಡಿ ಎಂದರು. ಆಮೇಲೆ ಬಳಗದವರ ಎದುರಿಗೇ ವೈನಿಗೆ, "ಇದು ರೋಗದ ಲಕ್ಷಣ, ನಿಮ್ಮ ಅಡಿಗೆಯದಲ್ಲ" ಎಂದು ಹೇಳಿದರು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವ್ವ ಮೊದಲಿನಂತೆ ಉಣ್ಣಲಿಲ್ಲ, ಆದರೆ ಹೆಸರಿನ ಗಂಜಿ ಅರ್ಧ ಬಟ್ಟಲು ಇಳಿಯಿತು. ಮುಂದಿನ ವರ್ಷ ಹೋಗಿಬಿಟ್ಟಳು. ಸೊಸೆಯ ಮೇಲಿನ ಮಾತು ಮಾತ್ರ ಅವಳಿಗಿಂತ ಮೊದಲೇ ಹೋಗಿತ್ತು.

ಈಗ ಕಾನೂನು ಎಲ್ಲಿದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯಿತು. 27 ದೇಶಗಳು ಪರ, 25 ವಿರುದ್ಧ. ಭಾರತ ಪರವಾಗಿ ಮತ ಹಾಕಿತು. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಒಂದು ಜಾಮೀನಿನ ಪ್ರಕರಣದಲ್ಲಿ, ಬರೀ ಎಲೆಯಿಂದಾದ ಭಂಗಿ 1985ರ ಕಾಯ್ದೆಯ ಗಾಂಜಾ ಅಲ್ಲ ಎಂದಿತು. ಹಾಗೆಂದು ಹಿತ್ತಲಲ್ಲಿ ಗಿಡ ಹಾಕುವಂತಿಲ್ಲ. ಗಿಡ ಬೆಳೆಯುವುದು ಆ ಕಾಯ್ದೆಯಂತೆ ಅಪರಾಧ, ರಾಜ್ಯದ ಅಬಕಾರಿ ಕಾನೂನು ಬೇರೆ ಇದೆ. ಭಂಗಿ ಹಾಕಿದ ಆಯುರ್ವೇದದ ಔಷಧಿಗಳಿಗೆ ಅವಕಾಶವಿದೆ. ಆದರೆ ಅದು ಕಾನೂನಿನ ವಿಷಪದಾರ್ಥಗಳ ಪಟ್ಟಿಯಲ್ಲಿರುವುದರಿಂದ, ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಡಬ್ಬಿಯ ಮೇಲೆ ಇರಲೇಬೇಕು. ಆಯಿಗೆ ಹಾಕಿಸಿದ ಆಣೆ ಈಗ ಅಚ್ಚಾದ ಅಕ್ಷರದಲ್ಲಿ ಬಂದಿದೆ, ಅಷ್ಟೇ.

ಓದಿದ ಮೇಲೆ ನನಗೆ ಎಲೆಯ ಮೇಲಿನ ಭಯವೂ ಹೋಯಿತು, ಭ್ರಮೆಯೂ ಹೋಯಿತು. ಏಳುನೂರು ವರ್ಷದ ಹಿಂದಿನ ವೈದ್ಯನೂ, ಮೊನ್ನೆ ಮೊನ್ನೆಯ ವಿಜ್ಞಾನಿಯೂ ಒಂದು ವಿಷಯದಲ್ಲಿ ಒಪ್ಪುತ್ತಾರೆ: ಅನ್ನ ಸೇರದಿರುವುದು ತಾನೇ ಒಂದು ವ್ಯಾಧಿ, ಅದನ್ನು ವ್ಯಾಧಿಯೆಂದೇ ನೋಡಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ವಾರಗಟ್ಟಲೆ ತಟ್ಟೆ ಸರಿಸುತ್ತಿದ್ದರೆ ಹಟವೆಂದು ಬೈಯಬೇಡಿ, ಅಡಿಗೆ ಕೆಟ್ಟಿದೆಯೆಂದು ಅಳಬೇಡಿ. ಎಷ್ಟು ದಿನದಿಂದ, ಎಷ್ಟು ತುತ್ತು, ತೂಕ ಎಷ್ಟಿಳಿಯಿತು ಎಂದು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ಡಾಕ್ಟರರಿಗೆ ಕೊಡಿ. ಯಾರಾದರೂ ಪುಡಿಯ ಹೆಸರು ಹೇಳಿದ್ದರೆ ಅದನ್ನೂ ಬರೆಯಿರಿ. ಇನ್ನು ಕಾಯಿಲೆಯವರನ್ನು ನೋಡಲು ಹೋದಾಗ "ಊಟ ಹೋಗತೈತೇನ್ರಿ?" ಎಂದು ಕೇಳುವವರು, ಒಲೆಯ ಮುಂದೆ ನಿಂತವಳನ್ನೂ "ನೀ ಉಂಡೇನವಾ?" ಎಂದು ಕೇಳಿ ಬರಲಿ.